ಸ್ಕೀಮಾ ಸರಿಯಿದ್ದರೂ ತಪ್ಪು ಟೈಮ್‌ಸ್ಟ್ಯಾಂಪ್ ಪಾಸಾಗುತ್ತಿದ್ದರೆ

ಡೇಟಾ ನಾವು ಬರೆದ ನಿಯಮಗಳಿಗೆ (ಸ್ಕೀಮಾಗೆ) ಹೊಂದುತ್ತದೆಯೇ ಅಂತ ನೋಡುವ ಪೈಥಾನ್‌ನ ಜೇಸನ್‌ಸ್ಕೀಮಾ ಲೈಬ್ರರಿಯಲ್ಲಿ ಲಾಗ್ ರೆಕಾರ್ಡ್‌ಗಳನ್ನು ಪರೀಕ್ಷಿಸುತ್ತಿದ್ದೆ. ಟೈಮ್‌ಸ್ಟ್ಯಾಂಪ್‌ಗೆ ಫಾರ್ಮ್ಯಾಟ್ 'ಡೇಟ್-ಟೈಮ್' ಅಂತ ಬರೆದಿದ್ದೆ. ಆದರೂ '2024-02-30T10:15:00Z' ಸುಮ್ನೆ ಪಾಸಾಗಿ, ಡೇಟಾಬೇಸ್‌ಗೆ ಹೋದಾಗ ಎರರ್ ಬರುತ್ತಿತ್ತು. ಫೆಬ್ರವರಿ 30 ಇಲ್ಲವೇ ಇಲ್ಲ ಅಲ್ವಾ?

ಆ ಫೀಲ್ಡನ್ನು 'ರಿಕ್ವೈರ್ಡ್' (ಕಡ್ಡಾಯ) ಪಟ್ಟಿಗೆ ಸೇರಿಸಿದೆ, ಸ್ಕೀಮಾ ಮಾನದಂಡದ ಹಳೆಯ ಆವೃತ್ತಿ ಡ್ರಾಫ್ಟ್-07 ಬಿಟ್ಟು ಹೊಸದಾದ 2020-12ಕ್ಕೆ ಹೋದೆ. ಉಪಯೋಗವಾಗಲಿಲ್ಲ. ರೆಜೆಕ್ಸ್ (ಅಕ್ಷರಗಳ ವಿನ್ಯಾಸ ಹೋಲಿಸುವ ಸೂತ್ರ) ಹಾಕಿದರೆ ಅದು ಅಂಕಿಗಳನ್ನಷ್ಟೇ ಎಣಿಸುತ್ತದೆ, ಕ್ಯಾಲೆಂಡರ್ ನೋಡುವುದಿಲ್ಲ.

ಅಸಲು ಕಾರಣ: ಈ ಲೈಬ್ರರಿ ಫಾರ್ಮ್ಯಾಟನ್ನು ತಾನಾಗಿ ಪರೀಕ್ಷಿಸುವುದಿಲ್ಲ, ನಾವೇ ಹೇಳಬೇಕು. ಮೊದಲು, ಕೋಡ್ ಓಡುವ ಅದೇ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ ಪಿಪ್‌ನಿಂದ 'ಜೇಸನ್‌ಸ್ಕೀಮಾ[ಫಾರ್ಮ್ಯಾಟ್]' ಇನ್‌ಸ್ಟಾಲ್ ಮಾಡಿ. ದಿನಾಂಕ-ಸಮಯ ಪರೀಕ್ಷಿಸುವ ಆರ್‌ಎಫ್‌ಸಿ3339-ವ್ಯಾಲಿಡೇಟರ್ ಇದರ ಜೊತೆಗೇ ಬರುತ್ತದೆ. ಅದು ಇಲ್ಲದಿದ್ದರೆ ಡೇಟ್-ಟೈಮ್ ಪರೀಕ್ಷೆ ಒಂದು ಎಚ್ಚರಿಕೆಯೂ ಕೊಡದೆ ಬಿಟ್ಟುಹೋಗುತ್ತದೆ. ನಾನು ಜಾಸ್ತಿ ಹೊತ್ತು ಕಳೆದದ್ದು ಇಲ್ಲೇ. ಆಮೇಲೆ, ಡ್ರಾಫ್ಟ್202012ವ್ಯಾಲಿಡೇಟರ್ ಕಟ್ಟುವಾಗ ಸ್ಕೀಮಾ ಜೊತೆಗೆ ಫಾರ್ಮ್ಯಾಟ್_ಚೆಕರ್ ಆರ್ಗ್ಯುಮೆಂಟ್ ಕೊಡಿ. ಅದರ ಮೌಲ್ಯ, ಅದೇ ಕ್ಲಾಸಿನ ಇಂಗ್ಲಿಷ್ ದೊಡ್ಡಕ್ಷರದ ಫಾರ್ಮ್ಯಾಟ್_ಚೆಕರ್ (FORMAT_CHECKER). ಕೊನೆಗೆ, ಪ್ರತಿ ರೆಕಾರ್ಡಿಗೂ ಇಟರ್_ಎರರ್ಸ್ ಓಡಿಸಿದರೆ ಎಲ್ಲ ತಪ್ಪುಗಳೂ ಒಟ್ಟಿಗೆ ಸಿಗುತ್ತವೆ.

ಈಗ ಮೇಲಿನ ರೆಕಾರ್ಡ್ ಕೊಟ್ಟು ನೋಡಿ, ಬೀಳಲೇಬೇಕು. ಟೈಮ್‌ಝೋನ್ ಇಲ್ಲದ '2024-02-29T10:15:00' ಕೂಡ ಬೀಳುತ್ತದೆ. ಕಳಿಸುವ ಕಡೆಯಲ್ಲೇ '+05:30' ಅಥವಾ 'Z' ಸೇರಿಸಿ.