ಬೆಟ್ಟದ ಸಾಲು ಪೂರ್ತಿ ಬೇಕಾ? ಪಕ್ಕಪಕ್ಕದ ಫೋಟೊ ಜೋಡಿಸಿ

ಬೆಟ್ಟದ ತುದಿಯಲ್ಲಿ ನಿಂತು ನೋಡುವಷ್ಟು ಅಗಲ ಒಂದು ಫ್ರೇಮಿನಲ್ಲಿ ಹಿಡಿಸುವುದಿಲ್ಲ. ವೈಡ್ ಲೆನ್ಸ್ ಹಾಕಿದರೆ ಎಲ್ಲವೂ ಬರುತ್ತದೆ ನಿಜ, ಆದರೆ ದೂರದ ಶಿಖರಗಳು ತೀರಾ ಚಿಕ್ಕದಾಗುತ್ತವೆ. ಅದಕ್ಕೇ ಪಕ್ಕಪಕ್ಕದ ಹಲವು ಫೋಟೊ ತೆಗೆದು ಜೋಡಿಸುವುದು. ಹೀಗೆ ಜೋಡಿಸಿದ ಅಗಲ ಫೋಟೊವೇ ಪನೋರಮಾ. ಜೋಡಿಸಲು ಸಾಫ್ಟ್‌ವೇರ್ ಇದೆ. ಜೋಡಿಸಲು ಬರುವಂಥ ಫೋಟೊ ತೆಗೆಯುವುದೇ ನಿಮ್ಮ ಕೆಲಸ.

ಕ್ಯಾಮೆರಾವನ್ನು ಅಡ್ಡ ಹಿಡಿಯಬೇಡಿ, ಉದ್ದಕ್ಕೆ ಹಿಡಿಯಿರಿ. ಫ್ರೇಮುಗಳು ಜಾಸ್ತಿ ಬೇಕಾಗುತ್ತವೆ, ಆದರೂ ಮೇಲೆ ಕೆಳಗೆ ಧಾರಾಳ ಜಾಗ ಸಿಗುತ್ತದೆ. ಕೊನೆಗೆ ಸೊಟ್ಟಗಿರುವ ಅಂಚು ಕತ್ತರಿಸುವಾಗ ಅದು ಬೇಕೇ ಬೇಕು. 35ರಿಂದ 50 ಮಿ.ಮೀ. ಲೆನ್ಸ್ ಚೆನ್ನಾಗಿ ಹೊಂದುತ್ತದೆ.

ಆಟೊ ಮೋಡ್ ಬಿಡಿ. ಬಿಸಿಲಿನ ಕಡೆ ಒಂದು, ನೆರಳಿನ ಕಡೆ ಇನ್ನೊಂದು ಎಕ್ಸ್‌ಪೋಷರ್ (ಕ್ಯಾಮೆರಾ ಒಳಬಿಡುವ ಬೆಳಕಿನ ಪ್ರಮಾಣ) ಆದರೆ ಆಕಾಶದಲ್ಲಿ ಪಟ್ಟೆ ಕಾಣುತ್ತದೆ. ಅತಿ ಹೆಚ್ಚು ಬೆಳಕಿರುವ ಕಡೆಗೆ ತಿರುಗಿ ಮ್ಯಾನ್ಯುಯಲ್‌ನಲ್ಲಿ ಎಕ್ಸ್‌ಪೋಷರ್ ಹೊಂದಿಸಿ. ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣಗಳ ಹೊಂದಾಣಿಕೆ) ಕೂಡ ಬದಲಾಗದಂತೆ ಇಡಿ. ಎಷ್ಟೋ ಮೊಬೈಲ್‌ಗಳಲ್ಲಿ ಪರದೆಯನ್ನು ಒತ್ತಿ ಹಿಡಿದರೆ ಫೋಕಸ್, ಎಕ್ಸ್‌ಪೋಷರ್ ಲಾಕ್ ಆಗುತ್ತವೆ. ಪೋಲರೈಸರ್ ಫಿಲ್ಟರ್ ಇದ್ದರೆ ಬಿಚ್ಚಿಡಿ, ಅದು ಆಕಾಶದ ಒಂದು ಭಾಗವನ್ನು ಮಾತ್ರ ಗಾಢ ನೀಲಿ ಮಾಡುತ್ತದೆ.

ಇನ್ನು ತಿರುಗುವ ವಿಷಯ. ಹೆಚ್ಚಿನವರ ಪನೋರಮಾ ಕೆಡುವುದು ಇಲ್ಲೇ. ಒಂದು ಕಣ್ಣು ಮುಚ್ಚಿ, ಮುಖದ ಮುಂದೆ ಬೆರಳು ಹಿಡಿದು, ತಲೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಜಾಗ ಬದಲಿಸಿದಂತೆ ಕಾಣುತ್ತದೆ, ಅಲ್ವಾ? ಲೆನ್ಸ್ ಸರಿದಾಗಲೂ ಹಾಗೇ. ಹತ್ತಿರದ ಬೇಲಿ, ಕೊಂಬೆ ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಬರುತ್ತವೆ. ಜೋಡಿಸಿದಾಗ ಮುರಿದಂತೆ ಕಾಣುತ್ತವೆ. ಹಾಗಾಗಿ ಕೈ ಚಾಚಿ ಕ್ಯಾಮೆರಾವನ್ನು ಬೀಸಬೇಡಿ. ಲೆನ್ಸ್ ಇದ್ದಲ್ಲೇ ಇರಲಿ, ಅದರ ಸುತ್ತ ನೀವು ಹೆಜ್ಜೆ ಹಾಕಿ. ಎಲ್ಲವೂ ದೂರದಲ್ಲೇ ಇದ್ದರೆ ಸ್ವಲ್ಪ ಸರಿದರೂ ನಡೆಯುತ್ತದೆ. ಹತ್ತಿರದ ವಸ್ತು ಬೇಕೇ ಬೇಕೆಂದರೆ ಟ್ರೈಪಾಡ್ ಬಳಸಿ, ಅದನ್ನು ಮಟ್ಟವಾಗಿ ನಿಲ್ಲಿಸಿ.

ಪ್ರತಿ ಫೋಟೊದಲ್ಲೂ ಹಿಂದಿನದರ ಮೂರನೇ ಒಂದು ಭಾಗ ಮತ್ತೆ ಬರಬೇಕು. ನಡೆದಾಡುವ ಜನ ಆ ಭಾಗದಲ್ಲಿ ಸಿಕ್ಕಿದರೆ ಅರ್ಧ ದೇಹವಷ್ಟೇ ಉಳಿಯಬಹುದು, ಅವರು ಫ್ರೇಮಿನ ನಡುವೆ ಬರುವ ತನಕ ಕಾಯಿರಿ. ಶುರುವಿನಲ್ಲೂ ಕೊನೆಯಲ್ಲೂ ಅಂಗೈಯ ಫೋಟೊ ಒಂದೊಂದು ತೆಗೆದರೆ ಮನೆಗೆ ಬಂದ ಮೇಲೆ ಯಾವ ಸಾಲು ಎಲ್ಲಿಂದ ಎಲ್ಲಿಯವರೆಗೆ ಎಂಬ ಗೊಂದಲ ಇರುವುದಿಲ್ಲ.

ಜೋಡಿಸಲು ಹಗಿನ್ (Hugin) ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಫೋಟೊಶಾಪ್, ಲೈಟ್‌ರೂಮ್‌ಗಳಲ್ಲೂ ಆಗುತ್ತದೆ. ತುಂಬಾ ಅಗಲದ ನೋಟಕ್ಕೆ, ಕೊಳವೆಯ ಮೇಲೆ ಸುತ್ತಿದಂತೆ ಜೋಡಿಸುವ ಸಿಲಿಂಡ್ರಿಕಲ್ ವಿಧಾನ ಆರಿಸಿ. ಅದರಲ್ಲಿ ಕಟ್ಟಡಗಳ ಅಡ್ಡಗೆರೆ ಬಾಗುತ್ತವೆ, ಅಗಲ ಕಡಿಮೆಯಿದ್ದರೆ ಕಟ್ಟಡಗಳಿಗೆ ನೇರ ಗೆರೆಗಳನ್ನು ನೇರವಾಗೇ ಇಡುವ ರೆಕ್ಟಿಲಿನಿಯರ್ ವಿಧಾನ ವಾಸಿ. ಅಂಚು ಕತ್ತರಿಸುವ ಮೊದಲು ದಿಗಂತ ನೇರವಾಗಿದೆಯೇ ನೋಡಿಕೊಳ್ಳಿ.