ಹಸಿ ದಿಮ್ಮಿ ಸಿಕ್ಕಿದೆಯಾ? ಮೊದಲು ತುದಿ ಮುಚ್ಚಿ

ಹಸಿ ಮರ ಸಿಕ್ಕವರು ಕೊಯ್ದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣವನ್ನೋ ಮಿಕ್ಕ ಪೇಂಟನ್ನೋ ದಪ್ಪಗೆ ಬಳಿಯಿರಿ. ನೀರು ನಾರಿನ ಉದ್ದಕ್ಕೂ ಸಲೀಸಾಗಿ ಹೊರಬರುವುದರಿಂದ ತುದಿ ಉಳಿದ ಭಾಗಕ್ಕಿಂತ ಎಷ್ಟೋ ಬೇಗ ಒಣಗುತ್ತದೆ. ಒಳಗಿನ್ನೂ ಹಸಿ ಇರುವಾಗ ತುದಿ ಕುಗ್ಗಿದರೆ ಸೀಳು ಖಂಡಿತ.

ದಿಮ್ಮಿಯನ್ನು ಇಡಿಯಾಗಿ ಒಣಗಿಸಲು ಹೋಗಬೇಡಿ. ಮರ ಉಂಗುರದ ಗುಂಟ ಕುಗ್ಗುವುದು, ನಡುವಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು 2 ಪಟ್ಟು. ದುಂಡು ಮರ ಬಿರಿಯದೆ ಉಳಿಯುವುದೇ ಅಪರೂಪ. ತಿರುಳಿನ (ಉಂಗುರಗಳ ನಟ್ಟನಡುವಿನ ಸಣ್ಣ ಭಾಗ) ಗುಂಟ ಸೀಳಿ, ತಿರುಳಿರುವ ಭಾಗ ತೆಗೆದುಬಿಡಿ. ಹಲಗೆಗಳ ನಡುವೆ ಒಂದೇ ದಪ್ಪದ ಒಣ ರೀಪು ಕೊಟ್ಟು, ರೀಪುಗಳು ಒಂದರ ಮೇಲೊಂದು ನೇರಕ್ಕೆ ಬರುವಂತೆ, ನೆಲದಿಂದ ಮೇಲೆ ಪೇರಿಸಿ. ಮೇಲೊಂದಿಷ್ಟು ಭಾರ ಇರಲಿ. ನೆರಳು, ಗಾಳಿ ಬೇಕು. ಬಿಸಿಲು ಬೇಡವೇ ಬೇಡ.

1 ಇಂಚು ದಪ್ಪಕ್ಕೆ 1 ವರ್ಷ ಅನ್ನೋದು ಬರೀ ಅಂದಾಜು. ನಾನು ನಂಬೋದು ತಕ್ಕಡಿಯನ್ನ: ಒಂದೇ ಹಲಗೆಯನ್ನು ಆಗಾಗ ತೂಗಿ ಅದರ ಮೇಲೇ ಬರೆದಿಡಿ. ತೂಕ ಇಳಿಯುವುದು ನಿಂತರೆ ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ಪೀಠೋಪಕರಣಕ್ಕಾದರೆ ಆಮೇಲೂ ಕೆಲವು ವಾರ ಮನೆಯೊಳಗಿಡಿ.

ಚಮಚ, ಬಟ್ಟಲು ಕೆತ್ತುವವರಿಗೆ ಇಷ್ಟು ಕಾಯುವ ಕರ್ಮವಿಲ್ಲ. ಹಸಿಯಲ್ಲೇ ಉಳಿ ಸಲೀಸಾಗಿ ಓಡುತ್ತೆ. ಒರಟಾಗಿ ಕೆತ್ತಿ, ಒಣಗಿದ ಮೇಲೆ ನಯ ಮಾಡಿಕೊಳ್ಳಿ.