ಬೇಸ್‌ಮೆಂಟ್ ಟಾಯ್ಲೆಟ್ಟಿಗೆ ಪಂಪ್ ಕೂರಿಸಿದ ಕೆಲಸ

ಬೆಂಗಳೂರಿನಲ್ಲಿ ಈಗ 30x40 ಅಡಿಯ ಸೈಟಿನಲ್ಲೂ ಬೇಸ್‌ಮೆಂಟ್ ತೋಡುತ್ತಾರೆ. ಕಾರಿಗೆ ಅಂತ ಶುರುವಾಗುತ್ತದೆ. ಆಮೇಲೆ ಡ್ರೈವರಿಗೊಂದು ಟಾಯ್ಲೆಟ್, ಮೂಲೆಗೊಂದು ವಾಷಿಂಗ್ ಮೆಷಿನ್ ಸೇರಿಕೊಳ್ಳುತ್ತವೆ. ಪ್ಲಂಬಿಂಗ್ ಗುತ್ತಿಗೆ ಹಿಡಿಯುವ ನಾನು ಮೊದಲು ನೋಡುವುದು ರಸ್ತೆಯ ಮ್ಯಾನ್‌ಹೋಲ್. ಈ ಮನೆಯಲ್ಲಿ ಯುಜಿಡಿ (ಒಳಚರಂಡಿ) ಪೈಪು ರಸ್ತೆಯಿಂದ ನಾಲ್ಕು ಅಡಿ ಕೆಳಗಿತ್ತು, ಬೇಸ್‌ಮೆಂಟ್ ನೆಲ ಎಂಟು ಅಡಿ ಕೆಳಗೆ. ಕೊಳಚೆಯನ್ನು ಒಂದು ಗುಂಡಿಯಲ್ಲಿ ಕೂಡಿಸಿ ಪಂಪಿನಿಂದ ಮೇಲೆತ್ತದೆ ಆಗುವ ಮಾತೇ ಅಲ್ಲ.

ಇಡೀ ಮನೆಯ ಲೈನ್ ಆ ಗುಂಡಿಗೇ ಬಿಟ್ಟುಬಿಡಿ ಅಂದರು ಓನರ್. "ಬೇಡ ಸರ್, ಮೇಲಿನ ಮಹಡಿಗಳದ್ದು ಇಳಿಜಾರಲ್ಲೇ ಚೇಂಬರಿಗೆ ಹೋಗುತ್ತೆ. ಅದನ್ನ ಕೆಳಗಿಳಿಸಿ ಮತ್ತೆ ಮೇಲೆತ್ತೋದು ಯಾಕೆ? ಕರೆಂಟ್ ಹೋದ ದಿನ ಎಲ್ಲಾ ಮಹಡಿಯದ್ದೂ ನಿಮ್ಮ ಕಾರಿನ ಕೆಳಗೇ ಬಂದು ನಿಲ್ಲುತ್ತೆ" ಅಂದೆ. ಒಪ್ಪಿದರು. ರ‍್ಯಾಂಪಿನ ಮಳೆನೀರಿಗೂ ಬೇರೆ ಗುಂಡಿ, ಬೇರೆ ಪಂಪ್ ಮಾಡಿಸಿದೆ. ಮಳೆನೀರನ್ನು ಯುಜಿಡಿಗೆ ಬಿಡುವ ಹಾಗೂ ಇಲ್ಲ.

ಗುಂಡಿಗೆ ಬ್ಲಾಕ್ ಕಟ್ಟದೆ 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಹೂತೆವು. ನೀರಿನ ಪಸೆ ಇರುವ ನೆಲದಲ್ಲಿ ಇಲ್ಲೊಂದು ತೊಂದರೆ ಇದೆ. ಸುತ್ತ ನೀರು ನಿಂತರೆ ಖಾಲಿ ಟ್ಯಾಂಕನ್ನು ಅದು ಹೆಚ್ಚುಕಡಿಮೆ 500 ಕೆ.ಜಿ. ಬಲದಿಂದ ಮೇಲಕ್ಕೆ ತಳ್ಳುತ್ತದೆ. ಅದಕ್ಕೇ ಟ್ಯಾಂಕಿನೊಳಗೆ ನೀರು ತುಂಬಿಸಿಕೊಂಡು ಸುತ್ತ ಕಾಂಕ್ರೀಟ್ ಹಾಕಿದ್ದು.

ಪಂಪಿನ ಡಬ್ಬದ ಮೇಲೆ ಬರೆದ ಹೆಡ್ (ನೀರೆತ್ತುವ ಎತ್ತರ) ನೋಡಿ ಕೊಳ್ಳಬೇಡಿ. ಅದು ಗರಿಷ್ಠ, ಆ ಎತ್ತರದಲ್ಲಿ ಹನಿ ನೀರೂ ಹೊರಗೆ ಬರುವುದಿಲ್ಲ. ನಮಗೆ ಎತ್ತಬೇಕಿದ್ದದ್ದು ನಾಲ್ಕು ಮೀಟರ್, ಬೆಂಡು-ವಾಲ್ವುಗಳ ತಡೆ ಸೇರಿಸಿ ಐದು ಅಂತ ಲೆಕ್ಕ ಹಿಡಿದೆ. 50 ಎಂ.ಎಂ. ಪೈಪಿನಲ್ಲಿ ಗಟ್ಟಿ ಪದಾರ್ಥ ನಿಲ್ಲದೆ ಸಾಗಬೇಕಾದರೆ ನಿಮಿಷಕ್ಕೆ 75-80 ಲೀಟರಾದರೂ ಹರಿಯಬೇಕು. ಐದು ಮೀಟರಿನಲ್ಲಿ ಅದಕ್ಕಿಂತ ಜಾಸ್ತಿ ಕೊಡುವ 1 ಎಚ್‌ಪಿ ಕಟರ್ ಪಂಪ್ (ಗಟ್ಟಿ ಪದಾರ್ಥವನ್ನು ಕತ್ತರಿಸಿ ತಳ್ಳುವಂಥದು) ಆರಿಸಿದೆ.

ಪೈಪನ್ನು ನೇರವಾಗಿ ಚೇಂಬರಿಗೆ ಕೊಡಲಿಲ್ಲ. ರಸ್ತೆ ಮಟ್ಟಕ್ಕಿಂತ ಒಂದಡಿ ಮೇಲೆ ಹತ್ತಿಸಿ, ಬಾಗಿಸಿ ಇಳಿಸಿದೆ. ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕಿದರೆ ಕೊಳಚೆ ವಾಪಸ್ ಬರದಂತೆ ತಡೆಯುವ ಒಮ್ಮುಖ ವಾಲ್ವ್, ಅಂದರೆ ಎನ್‌ಆರ್‌ವಿ ಒಂದನ್ನೇ ನಂಬಿ ಕೂರುವುದು ಸರಿಯಲ್ಲ, ಒಂದು ಕೂದಲುಂಡೆ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಎನ್‌ಆರ್‌ವಿ ಕೂಡ ಒಳಗೆ ಚೆಂಡು ಇರುವ ನಮೂನೆಯದು. ಸ್ಪ್ರಿಂಗಿನದು ಇಲ್ಲಿಗೆ ಆಗುವುದಿಲ್ಲ. ಪಂಪಿನ ಸ್ವಲ್ಪ ಮೇಲೆ ಪೈಪಿಗೆ 5 ಎಂ.ಎಂ. ತೂತು ಕೊರೆದೆ. ಹುಡುಗ ಗಾಬರಿಯಾಗಿ "ಅಣ್ಣಾ, ಹೊಸ ಪೈಪಿಗೆ ತೂತಾ?" ಅಂದ. ಪಂಪಿನೊಳಗೆ ಗಾಳಿ ಸಿಕ್ಕಿಕೊಂಡರೆ ಮೋಟಾರು ತಿರುಗುತ್ತದೆ, ನೀರು ಏರುವುದಿಲ್ಲ. ಆ ಗಾಳಿ ಹೋಗಲು ದಾರಿ ಇದೇ.

ನನ್ನ ಹಟ ಒಂದೇ: ಗುಂಡಿಗೆ ಯಾರೂ ಇಳಿಯಬಾರದು. ಕೊಳಚೆಯಿಂದ ಬರುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಇಳಿದವನು ಕುಸಿದ ಮೇಲೇ ತಿಳಿಯುವುದು. ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. "ಇಳಿದ್ರೆ ಎರಡು ನಿಮಿಷದ ಕೆಲಸ" ಅನ್ನುವ ಮೇಸ್ತ್ರಿಗಳು ಈಗಲೂ ಇದ್ದಾರೆ. ಹಾಗಾಗಿ ಮುಚ್ಚಳದ ಕೆಳಗೆ ಕೈಗೆಟುಕುವಲ್ಲಿ ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಜಾಯಿಂಟ್) ಕೊಟ್ಟೆ, ಪಂಪಿಗೆ ಸ್ಟೀಲ್ ಚೈನ್ ಕಟ್ಟಿದೆ. ಎನ್‌ಆರ್‌ವಿ, ಗೇಟ್ ವಾಲ್ವ್ ಎರಡೂ ಗುಂಡಿಯ ಹೊರಗೆ, ಗೋಡೆಯ ಮೇಲೆ. ಯೂನಿಯನ್ ಬಿಚ್ಚಿ ಚೈನ್ ಎಳೆದರೆ ಪೈಪಿನ ತುಂಡಿನ ಸಮೇತ ಪಂಪ್ ಮೇಲೆ ಬರುತ್ತದೆ. ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್, ಗಾಳಿಗೆ 75 ಎಂ.ಎಂ. ಪೈಪು ತಾರಸಿಯವರೆಗೆ.

ಕೊಳಚೆ ಮಟ್ಟ ಮೀರಿದರೆ ತೇಲಿ ಕೂಗುವ ಅಲಾರಾಂ ಫ್ಲೋಟನ್ನು ಇನ್ವರ್ಟರ್ ಲೈನಿಗೆ ಹಾಕಿದೆ, ಕರೆಂಟ್ ಇಲ್ಲದಾಗಲೇ ಅಲ್ವಾ ಅದು ಕೂಗಬೇಕಾದದ್ದು. ಅದು ಕೂಗಿದ ಮೇಲೂ ಟ್ಯಾಂಕಿನಲ್ಲಿ 150 ಲೀಟರ್ ಜಾಗ ಉಳಿಯುವ ಹಾಗೆ ಕಟ್ಟಿದ್ದೇನೆ. ಹತ್ತು ಲೀಟರಿನ ಫ್ಲಶ್ ಆದರೆ ಹದಿನೈದು ಸಲ. ವಾಷಿಂಗ್ ಮೆಷಿನ್ ಮಾತ್ರ ಆಗ ಹಾಕುವಂತಿಲ್ಲ, ಮನೆಯವರಿಗೆ ಹೇಳಿದ್ದೇನೆ.

ಮೊದಲ ಸಲ ತೊಳೆಯಲು ಪಂಪ್ ಎತ್ತಿದಾಗ ಕಟರಿಗೆ ಸುತ್ತಿಕೊಂಡಿದ್ದದ್ದು ಮಗುವಿನ ವೆಟ್ ವೈಪ್ಸ್. ಪ್ಯಾಕೆಟ್ಟಿನ ಮೇಲೆ ಫ್ಲಶ್ ಮಾಡಬಹುದು ಅಂತ ಇತ್ತಂತೆ. ಈಗ ಆ ಟಾಯ್ಲೆಟ್ಟಿನಲ್ಲಿ ಒಂದು ಕಸದ ಬುಟ್ಟಿ ಇಟ್ಟಿದ್ದಾರೆ.